ಗುಂಡ್ಯಕ್ಕೆ ಬಂದ ಸಿಂಹಮೀನು

ಶಿರಾಡಿ ಘಾಟಿ ಇಳಿದವರು ಗುಂಡ್ಯದಲ್ಲಿ ಚಾ ಕುಡಿಯಲು ನಿಲ್ಲುತ್ತಾರೆ. ನೇರ ಹೋದರೆ ಮಂಗಳೂರು, ಎಡಕ್ಕೆ ತಿರುಗಿದರೆ ಸುಬ್ರಹ್ಮಣ್ಯ. ಹೆಚ್ಚಿನವರಿಗೆ ಅದು ಹತ್ತು ನಿಮಿಷದ ಊರು. ಕಡಲು ಅಲ್ಲಿಂದ ಸುಮಾರು 80 ಕಿಲೋಮೀಟರ್ ದೂರ. ಆ ಕೂಡುರಸ್ತೆಯಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ನಡುವೆ ಇರುವ ಗೆಳೆಯನ ಮನೆಯಲ್ಲಿ ಕಳೆದ ಜುಲೈಯಲ್ಲಿ ಎರಡು ರಾತ್ರಿ ಉಳಿದಿದ್ದೆ. ಹೊರಗೆ ಮಾತು ಕೇಳಿಸದಂಥ ಮಳೆ. ಒಳಗೆ ಚಾವಡಿಯ ಮೂಲೆಯಲ್ಲಿ ನೀಲಿ ಬೆಳಕಿನ ಒಂದು ಗಾಜಿನ ತೊಟ್ಟಿ. 400 ಲೀಟರ್ ಉಪ್ಪುನೀರು. ಅದರಲ್ಲಿ ಇದ್ದದ್ದು ಒಂದೇ ಮೀನು.

ಮೈತುಂಬ ಕೆಂಗಂದು ಮತ್ತು ಬಿಳಿ ಪಟ್ಟೆ, ಎರಡೂ ಬದಿಗೆ ಬೀಸಣಿಗೆಯಂತೆ ಬಿಚ್ಚಿದ ರೆಕ್ಕೆ, ಬೆನ್ನ ಮೇಲೆ ಸಾಲಾಗಿ ಎದ್ದು ನಿಂತ ಮುಳ್ಳುಗಳು. ಚೌಕಿಯಲ್ಲಿ ಮುಖಕ್ಕೆ ಚಿಟ್ಟಿ ಇಟ್ಟು ಮುಗಿಸಿ, ತನ್ನ ಪ್ರವೇಶಕ್ಕೆ ಕಾಯುತ್ತ ಕೂತ ಬಣ್ಣದ ವೇಷದ ಹಾಗೆ ಕಾಣುತ್ತಿತ್ತು. ಇಂಗ್ಲಿಷಿನ ಲಯನ್‌ಫಿಶ್ ಅನ್ನು ನಾವು ಸಿಂಹಮೀನು ಎನ್ನಬಹುದು. ಗೆಳೆಯ ಅದನ್ನು ಬೆಂಗಳೂರಿನಲ್ಲಿ ಕೊಂಡದ್ದು. ಅಲ್ಲಿನ ಕೆಲಸ ಬಿಟ್ಟು ಊರಿಗೆ ಬಂದಾಗ ಆಮ್ಲಜನಕ ತುಂಬಿದ ಚೀಲವನ್ನು ಬಕೆಟ್ಟಿನಲ್ಲಿಟ್ಟು, ರಾತ್ರಿಯ ತಂಪಿನಲ್ಲಿ ಘಾಟಿ ಇಳಿಸಿ ತಂದಿದ್ದ.

ಊಟದ ಹೊತ್ತಿಗೆ ಅವನ ಅಮ್ಮ ನನ್ನನ್ನು ಪಂಚಾಯಿತಿಗೆ ಕೂರಿಸಿದರು. "ನೀವಾದರೂ ಹೇಳಿ ಇವನಿಗೆ. ಮೈಯೆಲ್ಲ ವಿಷ ಅಂತೆ. ಮನೆಯೊಳಗೆ ಯಾಕೆ ಬೇಕು? ಮಂಗಳೂರಿಗೆ ಹೋದಾಗ ಕಡಲಿಗೆ ಬಿಟ್ಟು ಬಾ ಮಗಾ, ಪುಣ್ಯ ಬರ್ತದೆ ಅಂದ್ರೆ ಕೇಳುವುದಿಲ್ಲ."

"ಪುಣ್ಯ ಬರುವುದಿಲ್ಲ ಅಮ್ಮ, ಪಾಪ ಬರ್ತದೆ" ಎಂದ ಅವನು.

ನಾನು ಕೂಡಲೇ ಅಮ್ಮನ ಪರ ನಿಂತೆ. ಬಿಟ್ಟುಬಿಡುವುದೇ ಸರಿ ಎಂದೆ. ರಾತ್ರಿ ಮಲಗಿದ ಮೇಲೆ ಪಂಪಿನ ಗುಂಯ್‌ಗುಟ್ಟುವಿಕೆ ಕೇಳುತ್ತ, ಅಷ್ಟು ಬೇಗ ನಾನು ಹಾಗೆ ಹೇಳಿದ್ದು ಯಾಕೆ ಎಂದು ಯೋಚಿಸಿದೆ. ಸಿಂಹಮೀನಿನ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಪುಸ್ತಕಗಳು. ಕನ್ನಡದ ಓದುಗನಾಗಿ ನಾನು ಕಲಿತ ಒಂದು ಪಾಠವೇ ನನ್ನ ಬಾಯಲ್ಲಿ ಬಂದಿತ್ತು. ಆ ಪಾಠ ಎಲ್ಲಿಂದ ಬಂತು, ಈ ಮೀನಿನ ಮುಂದೆ ಅದು ಎಷ್ಟು ದೂರ ನಿಲ್ಲುತ್ತದೆ ಎಂಬುದೇ ಈ ಬರಹದ ವಿಷಯ.

*

ಪಾಠದ ಮೂಲ ಹುಡುಕಲು ಬಹಳ ದೂರ ಹೋಗಬೇಕಿಲ್ಲ. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಬಂದದ್ದು 1980ರಲ್ಲಿ. ವಿಜ್ಞಾನಿ ಕರ್ವಾಲೊ, ಜೇನು ಸಾಕುವ ಮಂದಣ್ಣ, ಕೃಷಿಕನಾದ ನಿರೂಪಕ, ಅವನ ನಾಯಿ ಕಿವಿ, ಜೊತೆಗೆ ಇನ್ನೂ ಕೆಲವರು ಸೇರಿ ಒಂದು ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುತ್ತಾರೆ. ಕೊನೆಗೆ ಅದು ಸಿಕ್ಕಿತು ಅನ್ನುವಾಗ ಅವರೆಲ್ಲರ ಕಣ್ಣೆದುರೇ ಪ್ರಪಾತದ ಮೇಲೆ ತೇಲಿ ಮಾಯವಾಗುತ್ತದೆ. ಕೈಗೆ ಸಿಗದೆ ಹೋದದ್ದೇ ದೊಡ್ಡ ದರ್ಶನ ಅನ್ನಿಸುವ ಹಾಗೆ ಕಾದಂಬರಿ ಮುಗಿಯುತ್ತದೆ. ನಮ್ಮ ಕಾಲೇಜು ದಿನಗಳಲ್ಲಿ ಇದನ್ನು ಓದಿದ ಎಷ್ಟೋ ಜನ, ಪ್ರಕೃತಿಯ ಮುಂದೆ ಮನುಷ್ಯ ಹೇಗಿರಬೇಕು ಎಂಬುದಕ್ಕೆ ಆ ಕೊನೆಯ ಪುಟಗಳನ್ನೇ ಸಾಕ್ಷಿಯಾಗಿ ಕೊಡುತ್ತಿದ್ದೆವು. ನೋಡು, ಬೆರಗಾಗು, ಹೋಗಲು ಬಿಡು.

ಆದರೆ ಕಾದಂಬರಿಯನ್ನು ಮತ್ತೆ ತೆಗೆದು ಓದಿದರೆ ಇನ್ನೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಆ ತಂಡ ಓತಿಯನ್ನು ಬಿಡಲು ಹೋದದ್ದಲ್ಲ, ಹಿಡಿಯಲು ಹೋದದ್ದು. ಓತಿ ತಾನಾಗಿ ತಪ್ಪಿಸಿಕೊಂಡಿತು. 'ಬಿಟ್ಟುಬಿಡುವುದು' ಎಂದು ನಾವು ಓದಿಕೊಂಡದ್ದು ವಾಸ್ತವದಲ್ಲಿ 'ಸಿಗದೆ ಹೋಗುವುದು'. ಇವೆರಡರ ನಡುವೆ ದೊಡ್ಡ ಅಂತರ ಇದೆ. ಸಿಗದೆ ಹೋದ ಜೀವಿಯ ಬಗ್ಗೆ ನಮಗೆ ಹೊಣೆಯಿಲ್ಲ, ಬೆರಗು ಮಾತ್ರ ಉಳಿಯುತ್ತದೆ. ಅದು ತನ್ನ ಕಾಡಿನಲ್ಲೇ ಇತ್ತು, ತನ್ನ ಕಾಡಿಗೇ ಹೋಯಿತು. ಒಂದು ವೇಳೆ ಓತಿ ಸಿಕ್ಕಿದ್ದರೆ? ಕರ್ವಾಲೊ ಅದನ್ನು ಮೂಡಿಗೆರೆಗೆ ತಂದು ಪೆಟ್ಟಿಗೆಯಲ್ಲಿ ಇಟ್ಟಿದ್ದರೆ, ಎರಡನೆಯ ದಿನ ಅದಕ್ಕೆ ಏನು ತಿನ್ನಿಸುತ್ತಿದ್ದರು? ಕಾದಂಬರಿಗೆ ಆ ಪ್ರಶ್ನೆ ಬೇಕಾಗಿಲ್ಲ. ಅದು ಕಾದಂಬರಿಯ ದೋಷವಲ್ಲ. ಆದರೆ ಆ ಮುಕ್ತಾಯವನ್ನು ಎಲ್ಲ ಪ್ರಾಣಿಗಳಿಗೂ ಅನ್ವಯಿಸುವ ನೀತಿಯಾಗಿ ಮಾಡಿಕೊಂಡದ್ದು ಓದುಗರಾದ ನಮ್ಮ ದೋಷ. ಗೆಳೆಯನ ಚಾವಡಿಯಲ್ಲಿ ಇರುವುದು ಸಿಕ್ಕಿಬಿಟ್ಟ ಜೀವಿ. ಅದರ ಕಥೆ 'ಕರ್ವಾಲೊ' ಮುಗಿದ ಮೇಲೆ ಶುರುವಾಗುತ್ತದೆ.

ಕಾದಂಬರಿಯಲ್ಲಿ ಈ ಸಂದರ್ಭಕ್ಕೆ ಹೆಚ್ಚು ಉಪಯೋಗಕ್ಕೆ ಬರುವವನು ಮಂದಣ್ಣ. ಸುತ್ತಲಿನವರಿಗೆ ಅವನೊಬ್ಬ ಬೇಜವಾಬ್ದಾರಿಯ ಹುಡುಗ. ಅವನ ಕಣ್ಣಿನ ಬೆಲೆ ಗೊತ್ತಾಗುವುದು ಕರ್ವಾಲೊ ಒಬ್ಬರಿಗೆ. ದಿನವೂ ನೋಡುವುದರಿಂದ ಬರುವ ತಿಳಿವಳಿಕೆ ಅದು. ಗೆಳೆಯನ ಜೊತೆ ತೊಟ್ಟಿಯ ಎದುರು ಕೂತಾಗ ನನಗೆ ಕಂಡದ್ದೂ ಅಂಥದೇ ತಿಳಿವಳಿಕೆ. ಮೀನಿನ ಉಸಿರು ಜೋರಾದರೆ ಅವನಿಗೆ ನೀರಿನ ಮೇಲೆ ಸಂಶಯ. ಅದು ಬಣ್ಣ ಕಳೆದುಕೊಂಡು ಮೂಲೆ ಹಿಡಿದರೆ ಹಿಂದಿನ ದಿನ ಹಾಕಿದ ತಿಂಡಿಯ ಮೇಲೆ ಸಂಶಯ. ಪುಸ್ತಕ ಓದಿ ಕಲಿತದ್ದಕ್ಕಿಂತ ಹೆಚ್ಚು ಅವನು ಗಾಜಿಗೆ ಮೂಗು ಒತ್ತಿ ಕಲಿತಿದ್ದ.

*

ಇನ್ನು ವಿಷದ ಮಾತು. ನಮ್ಮ ಭಾಷೆಯಲ್ಲಿ ವಿಷ ಎಂದರೆ ಬರೀ ವಸ್ತುವಲ್ಲ, ಅದೊಂದು ಗುಣ. ಹಾವಿಗೆ ಹಾಲೆರೆದ ಹಾಗೆ ಎನ್ನುತ್ತೇವೆ. ಹೊಟ್ಟೆಯಲ್ಲಿ ವಿಷ ಇಟ್ಟುಕೊಂಡವನು ಎನ್ನುತ್ತೇವೆ. ವಿಷ ಇರುವಲ್ಲಿ ಕೃತಘ್ನತೆ, ಹಗೆ, ಹೊಂಚು ಇರಲೇಬೇಕು ಎಂಬುದು ಈ ಮಾತುಗಳ ಊಹೆ. ಅಮ್ಮ ಆ ಮೀನನ್ನು ಕಂಡು "ಮೈಯೆಲ್ಲ ವಿಷ" ಎಂದಾಗ ಅವರ ಹೆದರಿಕೆಯಲ್ಲಿ ಈ ರೂಪಕದ ಭಾರವೂ ಸೇರಿತ್ತು.

ಸಿಂಹಮೀನು ಈ ರೂಪಕಕ್ಕೆ ಒಗ್ಗುವುದಿಲ್ಲ. ಅದರ ಮೈಯಲ್ಲಿ ವಿಷದ ಮುಳ್ಳು 18: ಬೆನ್ನ ಮೇಲೆ 13, ಹೊಟ್ಟೆಯ ಕೆಳಗೆ ಬದಿಗೆ ಒಂದರಂತೆ 2, ಬಾಲದ ಬುಡದ ಕೆಳಗೆ 3. ನೋಡುವವರ ಕಣ್ಣು ಸೆಳೆಯುವ, ಬದಿಯ ಆ ದೊಡ್ಡ ಬೀಸಣಿಗೆಗಳಲ್ಲಿ ವಿಷ ಇಲ್ಲವೇ ಇಲ್ಲ. ಪ್ರತಿ ಮುಳ್ಳಿಗೂ ತೆಳುವಾದ ಚರ್ಮದ ಒರೆ ಇದೆ. ಮುಳ್ಳು ಚುಚ್ಚಿದಾಗ ಒರೆ ಹಿಂದಕ್ಕೆ ಸರಿದು, ಮುಳ್ಳಿನ ಗಾಡಿಯಲ್ಲಿರುವ ಗ್ರಂಥಿಯಿಂದ ವಿಷ ಗಾಯಕ್ಕೆ ಇಳಿಯುತ್ತದೆ. ನಾಗರಹಾವು ಬೇಟೆಗೂ ವಿಷ ಬಳಸುತ್ತದೆ. ಸಿಂಹಮೀನು ಬೇಟೆಗೆ ಒಂದು ಹನಿಯನ್ನೂ ಬಳಸುವುದಿಲ್ಲ. ಅದು ರೆಕ್ಕೆ ಬಿಚ್ಚಿ ಸಣ್ಣ ಮೀನನ್ನು ಮೂಲೆಗೆ ಒತ್ತರಿಸುತ್ತದೆ, ಒಮ್ಮೊಮ್ಮೆ ಬಾಯಿಂದ ನೀರು ಚಿಮ್ಮಿಸಿ ಅದನ್ನು ತನ್ನ ಕಡೆ ತಿರುಗಿಸಿಕೊಳ್ಳುತ್ತದೆ, ಮತ್ತೆ ಒಂದೇ ಗುಕ್ಕಿಗೆ ನುಂಗುತ್ತದೆ. ವಿಷ ಅದಕ್ಕೆ ಆಯುಧವಲ್ಲ, ಬೇಲಿ. ತೋಟದ ಸುತ್ತ ನಾವು ಹಾಕುವ ಮುಳ್ಳುಬೇಲಿಗೆ ಯಾರ ಮೇಲೂ ಹಗೆ ಇರುವುದಿಲ್ಲ. ಹಾರಲು ಹೋದವನಿಗೆ ತರಚುತ್ತದೆ, ಅಷ್ಟೇ.

ಗೆಳೆಯನಿಗೂ ತರಚಿತ್ತು. ಊರಿಗೆ ಬಂದ ಮೊದಲ ವರ್ಷ ಗಾಜಿನ ಒಳಮೈಗೆ ಹಿಡಿದ ಪಾಚಿ ಉಜ್ಜುವಾಗ ಮೀನು ಎಲ್ಲಿದೆ ಎಂದು ನೋಡದೆ ಕೈ ಹಾಕಿದ. ಹೆಬ್ಬೆರಳಿನ ಬುಡಕ್ಕೆ ಚುಚ್ಚಿತು. "ಮುಗುಡು ಮೀನಿನ ಮುಳ್ಳು ಚುಚ್ಚಿದ್ದು ನಿನಗೆ ನೆನಪುಂಟಾ? ಅದರ ಹತ್ತರಷ್ಟು ಮಾರಾಯ" ಎಂದ. ಮೊಣಕೈವರೆಗೆ ಉರಿ, ಕೈ ಊದಿಕೊಂಡಿತು. ಈ ವಿಷ ಪ್ರೋಟೀನಿನದು, ಬಿಸಿ ತಾಗಿದರೆ ಕೆಡುತ್ತದೆ. ಅದಕ್ಕೇ ಮೊದಲ ಉಪಚಾರ ಬಿಸಿನೀರು: ಚರ್ಮ ಸುಡದ ಹಾಗೆ, ಸುಮಾರು 45 ಡಿಗ್ರಿ ಸೆಲ್ಸಿಯಸ್, ಅರ್ಧ ಗಂಟೆಯಿಂದ ಒಂದೂವರೆ ಗಂಟೆವರೆಗೆ ಗಾಯವನ್ನು ಮುಳುಗಿಸಿ ಇಡಬೇಕು. ನೋವಿನಲ್ಲಿ ಇರುವವನಿಗೆ ಬಿಸಿಯ ಅಂದಾಜು ಸಿಗುವುದಿಲ್ಲ, ಬೇರೆಯವರು ಕೈ ಇಟ್ಟು ನೋಡಬೇಕು. ಅವರ ಬಚ್ಚಲಿನ ಹಂಡೆಯಲ್ಲಿ ನೀರು ಯಾವಾಗಲೂ ಬಿಸಿ. ಅಮ್ಮ ಬಾಲ್ದಿಯಲ್ಲಿ ತಣ್ಣೀರು ಬೆರೆಸಿ, ತಮ್ಮ ಮೊಣಕೈ ಅದ್ದಿ ನೋಡಿ, ಮಗನ ಕೈಯನ್ನು ಅದರಲ್ಲಿ ಮುಳುಗಿಸಿ ಕೂತರು. ನೋವು ಇಳಿಯಿತು. ಆಮೇಲೆ ಆಸ್ಪತ್ರೆಗೆ ಹೋಗಿ ಮುಳ್ಳಿನ ಚೂರು ಉಳಿದಿಲ್ಲ ಎಂದು ಖಚಿತ ಮಾಡಿಕೊಂಡು, ಧನುರ್ವಾಯುವಿನ ಚುಚ್ಚುಮದ್ದು ತೆಗೆದುಕೊಂಡು ಬಂದ. ಆರೋಗ್ಯವಂತರಿಗೆ ಇದು ಸಾಮಾನ್ಯವಾಗಿ ಪ್ರಾಣಕ್ಕೆ ಕುತ್ತು ತರುವ ಗಾಯವಲ್ಲ. ಆದರೆ ಉಸಿರಾಟದ ತೊಂದರೆ, ತಲೆಸುತ್ತು, ಎದೆನೋವು ಕಂಡರೆ ಬಿಸಿನೀರಿನ ಎದುರು ಕೂರದೆ ಕೂಡಲೇ ಹೊರಡಬೇಕು. ಗುಂಡ್ಯದಂಥ ಜಾಗದಲ್ಲಿ ಆ ಹೊರಡುವ ದಾರಿ ಉದ್ದ. ಅದನ್ನು ಲೆಕ್ಕಕ್ಕೆ ಹಿಡಿಯದೆ ಇಂಥ ಮೀನು ತರಬಾರದು ಎಂದು ಅವನೇ ಈಗ ಹೇಳುತ್ತಾನೆ.

ಈ ಊರು ವಿಷದ ಜೊತೆ ಬದುಕುವುದನ್ನು ಕಲಿಯದ ಊರಲ್ಲ. ಸುಬ್ರಹ್ಮಣ್ಯ ಪಕ್ಕದಲ್ಲೇ ಇದೆ. ತುಳುನಾಡಿನ ಎಷ್ಟೋ ತರವಾಡು ಮನೆಗಳಿಗೆ ನಾಗಬನ ಇದೆ. ಬನ ಎಂದರೆ ಕತ್ತಿ ಬೀಳದ ಒಂದು ತುಂಡು ಕಾಡು. ಅಲ್ಲಿ ಹಾವನ್ನು ಯಾರೂ ಸಾಕುವುದಿಲ್ಲ, ಇರಲು ಬಿಡುತ್ತಾರೆ. ಗಾಜಿನ ತೊಟ್ಟಿಯಲ್ಲಿ ಆಗಿರುವುದು ಬೇರೆ. ಅದು ಇರಲು ಬಿಡುವುದಲ್ಲ, ಇಟ್ಟುಕೊಳ್ಳುವುದು. ಬನದಲ್ಲಿ ಜಾಗ ಹಾವಿನದು, ನಾವು ಹೊರಗೆ. ತೊಟ್ಟಿಯಲ್ಲಿ ಜಾಗವೂ ನಮ್ಮದು, ನೀರೂ ನಮ್ಮದು, ಹಗಲು ರಾತ್ರಿಯ ಗುಂಡಿಯೂ ನಮ್ಮ ಕೈಯಲ್ಲಿ. ಅಮ್ಮನ ಅಸಮಾಧಾನದ ಒಳಗೆ ಈ ವ್ಯತ್ಯಾಸದ ಅರಿವು ಇತ್ತು ಎಂದು ನನಗೆ ಅನ್ನಿಸುತ್ತದೆ. ಅವರು ಹೆದರಿದ್ದು ವಿಷಕ್ಕೆ ಮಾತ್ರ ಆಗಿರಲಿಕ್ಕಿಲ್ಲ.

*

ಇಟ್ಟುಕೊಳ್ಳುವುದು ಎಂದರೆ ಏನು? ಅದನ್ನು ಕೆಲಸದ ಭಾಷೆಯಲ್ಲಿ ಹೇಳದೆ ನೀತಿಯ ಮಾತು ಆಡಿ ಪ್ರಯೋಜನ ಇಲ್ಲ.

ಗುಂಡ್ಯದ ನೀರು ಮೆದು ನೀರು. ಅದರಲ್ಲಿ ಕಡಲು ಮಾಡಬೇಕಾದರೆ ಶೋಧಿಸಿದ ನೀರಿಗೆ ಅಕ್ವೇರಿಯಂನ ಉಪ್ಪಿನ ಪುಡಿ ಬೆರೆಸಬೇಕು, ಲೀಟರಿಗೆ ಸುಮಾರು 35 ಗ್ರಾಂ. ಅಡುಗೆಯ ಉಪ್ಪು ಆಗುವುದಿಲ್ಲ. 400 ಲೀಟರಿಗೆ 14 ಕಿಲೋ. "ಮಂಗಳೂರಿನಿಂದ ಕ್ಯಾನಿನಲ್ಲಿ ಸಮುದ್ರದ ನೀರೇ ತಂದರೆ ಆಗದಾ?" ಎಂದು ಕೇಳಿದೆ. ಅವನು ನಕ್ಕ. ಮಳೆಗಾಲದಲ್ಲಿ ಈ ತೋಟದ ಬದಿಯಲ್ಲಿ ಹರಿಯುವ ಗುಂಡ್ಯ ಹೊಳೆ ಕುಮಾರಧಾರೆಗೆ, ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ, ನೇತ್ರಾವತಿ ಮಂಗಳೂರಿನಲ್ಲಿ ಕಡಲಿಗೆ. ಅಳಿವೆಯ ಹತ್ತಿರ ಆಗ ಕಡಲಿನ ಉಪ್ಪೇ ತೆಳುವಾಗಿರುತ್ತದೆ. ಗುಂಡ್ಯದ ಮಳೆಯನ್ನೇ ಕ್ಯಾನಿನಲ್ಲಿ ತುಂಬಿ ವಾಪಸು ತಂದ ಹಾಗೆ ಆಗುತ್ತದೆ.

ನೀರು ಆರಿದಾಗ ಉಪ್ಪು ಆರುವುದಿಲ್ಲ. ಕಡಿಮೆಯಾದಷ್ಟು ಜಾಗಕ್ಕೆ ಸಿಹಿನೀರೇ ತುಂಬಬೇಕು. ಉಪ್ಪುನೀರು ತುಂಬುತ್ತ ಹೋದರೆ ತೊಟ್ಟಿ ದಿನದಿಂದ ದಿನಕ್ಕೆ ಉಪ್ಪಾಗುತ್ತದೆ. ಹೊಸಬರು ಎಡವುವುದು ಇಲ್ಲೇ. ಮೀನಿನ ಗಲೀಜಿನಿಂದ ಬರುವ ಅಮೋನಿಯ ಅದರ ಕಿವಿರುಗಳನ್ನೇ ಸುಡುತ್ತದೆ. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು ಅಮೋನಿಯವನ್ನು ನೈಟ್ರೈಟ್ ಮಾಡಿ, ಅದನ್ನು ಮತ್ತೆ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ. ಅವು ಕಲ್ಲು ಮರಳಿನಲ್ಲಿ ಬೇರೂರಲು ವಾರಗಟ್ಟಲೆ ಬೇಕು. ಮೀನು ತರುವ ಮೊದಲು ಖಾಲಿ ತೊಟ್ಟಿಯನ್ನು ಅಷ್ಟು ದಿನ ನಡೆಸಬೇಕು. ತೋಟ ಇಟ್ಟವರಿಗೆ ಇದು ಅರ್ಥವಾಗುತ್ತದೆ: ಗಿಡಕ್ಕಿಂತ ಮೊದಲು ಮಣ್ಣು.

ಸಿಂಹಮೀನಿಗೆ ಮೊದಲಿಗೆ ಸತ್ತದ್ದು ಆಹಾರ ಎಂದೇ ಗೊತ್ತಾಗುವುದಿಲ್ಲ. ಅಂಗಡಿಯವರು ಜೀವಂತ ಚಿನ್ನದ ಮೀನು ಹಾಕಿ ಎನ್ನುವುದುಂಟು. ಅದು ಸಿಹಿನೀರಿನ ಕೊಬ್ಬು ಮೀನು, ದಿನವೂ ತಿಂದರೆ ಸಿಂಹಮೀನಿನ ಆರೋಗ್ಯ ಕೆಡುತ್ತದೆ. ಸಿಗಡಿಯ ತುಂಡನ್ನು ಉದ್ದ ಇಕ್ಕಳದಲ್ಲಿ ಹಿಡಿದು, ಜೀವ ಇರುವ ಹಾಗೆ ಅಲ್ಲಾಡಿಸಿ, ವಾರಗಟ್ಟಲೆ ಕಲಿಸಬೇಕು. ಗೆಳೆಯನ ಮೀನು ಈಗ ಇಕ್ಕಳ ಕಂಡರೆ ಗಾಜಿನ ಹತ್ತಿರ ಬರುತ್ತದೆ. ಬೈಕಿನಲ್ಲಿ ಬರುವ ಮೀನಿನವನ ಹಾರ್ನ್ ಕೇಳಿದರೆ ಅಮ್ಮ ಸಾರಿಗೆ ಬೂತಾಯಿ, ಮಗ ತೊಟ್ಟಿಗೆ ಎಟ್ಟಿ ಕೊಳ್ಳುತ್ತಾರೆ. ಚೆನ್ನಾಗಿ ನೋಡಿಕೊಂಡರೆ ಈ ಮೀನು ಹತ್ತು ವರ್ಷ ದಾಟಿ ಬದುಕಬಲ್ಲದು, ಒಂದಡಿಗಿಂತ ಉದ್ದ ಬೆಳೆಯಬಲ್ಲದು. ಅಂಗಡಿಯಲ್ಲಿ ಕಾಣುವ ಬೆರಳುದ್ದದ ಚೆಲುವು ಒಂದು ದಶಕದ ಕರಾರು.

ಅದಕ್ಕಿಂತ ಮೊದಲಿನ ಒಂದು ತಪ್ಪನ್ನೂ ಹೇಳಬೇಕು. ಕೋಡಂಗಿ ಮೀನನ್ನು, ಅಂದರೆ ಕ್ಲೌನ್‌ಫಿಶ್ ಅನ್ನು, ತೊಟ್ಟಿಗಳಲ್ಲೇ ಮರಿ ಮಾಡಿಸುವ ವಿಧಾನ ನಮ್ಮ ದೇಶದಲ್ಲೂ ಇದೆ. ಸಿಂಹಮೀನಿನ ಮರಿಗಳನ್ನು ಹಾಗೆ ಬೆಳೆಸುವುದು ಬಹಳ ಕಷ್ಟ. ಮಾರಾಟಕ್ಕೆ ಬರುವ ಹೆಚ್ಚುಕಡಿಮೆ ಪ್ರತಿಯೊಂದೂ ಯಾವುದೋ ಹವಳದ ದಿಬ್ಬದಿಂದ ಹಿಡಿದು ತಂದದ್ದು. ತೊಟ್ಟಿಗೆ ಅಂದ ಕೊಡಲು ನಿಜವಾದ ಹವಳ ಹುಡುಕುವುದಂತೂ ಅಪರಾಧ: ಕಲ್ಲುಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಅಂದರೆ ಹುಲಿ ಇರುವ ಪಟ್ಟಿಯಲ್ಲಿ. ಗೆಳೆಯ ಮೀನು ಕೊಂಡ ದಿನವೇ ಒಂದು ದಿಬ್ಬ ಒಂದು ಮೀನನ್ನು ಕಳೆದುಕೊಂಡಿತು. ಇದನ್ನು ಅವನು ಒಪ್ಪುತ್ತಾನೆ. "ಕೊಳ್ಳಬಾರದಿತ್ತು. ಆದರೆ ಕೊಂಡಾಗಿದೆ. ಇನ್ನು ಬಿಟ್ಟರೆ ಎರಡನೇ ತಪ್ಪು" ಎಂಬುದು ಅವನ ವಾದ.

*

ಎರಡನೇ ತಪ್ಪು ಹೇಗೆ? ಇದಕ್ಕೆ ಅಟ್ಲಾಂಟಿಕ್ ಸಾಗರದ ಕಡೆ ನೋಡಬೇಕು. ಸಿಂಹಮೀನು ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್‌ನದು. 1985ರಲ್ಲಿ ಅಮೆರಿಕದ ಫ್ಲಾರಿಡಾ ತೀರದಲ್ಲಿ ಒಂದು ಕಂಡಿತು. 1992ರ ಆಂಡ್ರ್ಯೂ ಚಂಡಮಾರುತದಲ್ಲಿ ಕಡಲ ಬದಿಯ ಮನೆಯ ತೊಟ್ಟಿ ಒಡೆದು ಆರು ಮೀನು ನೀರಿಗೆ ಬಿದ್ದದ್ದೇ ಎಲ್ಲಕ್ಕೂ ಮೂಲ ಎಂಬ ಕಥೆ ಬಹುಕಾಲ ಓಡಾಡಿತು. ಅದಕ್ಕೆ ಏಳು ವರ್ಷ ಮೊದಲೇ ಮೀನು ಕಂಡಿತ್ತಲ್ಲ! ಚಂಡಮಾರುತದ ಕಥೆ ಎಲ್ಲರಿಗೂ ಹಿತವಾಗಿತ್ತು, ಯಾಕೆಂದರೆ ಅದರಲ್ಲಿ ಯಾರ ತಪ್ಪೂ ಇರಲಿಲ್ಲ. ಹೆಚ್ಚು ಸಂಭವನೀಯವಾದ ಕಥೆ ಸಪ್ಪೆಯದು: ಬೇರೆ ಬೇರೆ ಮನೆಗಳವರು, ಬೇರೆ ಬೇರೆ ಹೊತ್ತಿನಲ್ಲಿ, ದೊಡ್ಡದಾದ ಮೀನನ್ನು ಸಾಕಲಾಗದೆ, ಸಾಯಿಸಲು ಮನಸ್ಸಾಗದೆ, ಕಡಲಿಗೆ ಬಿಟ್ಟು ಬಂದರು. ಕೊಂದವರಲ್ಲ, ಕನಿಕರ ಪಟ್ಟವರು.

ಒಂದು ಹೆಣ್ಣುಮೀನು ವರ್ಷಕ್ಕೆ ಸುಮಾರು 20 ಲಕ್ಷ ಮೊಟ್ಟೆ ಇಡಬಲ್ಲದು. ಅಲ್ಲಿನ ಸಣ್ಣ ಮೀನುಗಳಿಗೆ ಈ ಬೀಸಣಿಗೆಯ ವೇಷವನ್ನು ಕಂಡು ಓಡಬೇಕು ಎಂದು ಗೊತ್ತಿರಲಿಲ್ಲ. ಬಹಾಮಾಸ್‌ನ ಹವಳದ ದಿಬ್ಬಗಳಲ್ಲಿ ಮಾಡಿ 2008ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಸಿಂಹಮೀನು ಇದ್ದ ದಿಬ್ಬಗಳಿಗೆ ಹೊಸದಾಗಿ ಸೇರುವ ಸ್ಥಳೀಯ ಮರಿಮೀನುಗಳ ಸಂಖ್ಯೆ ಐದೇ ವಾರಗಳಲ್ಲಿ ಸರಾಸರಿ ನೂರಕ್ಕೆ 79ರಷ್ಟು ಕುಗ್ಗಿತ್ತು. ಈಗ ಕೆರಿಬಿಯನ್ ತೀರದ ಊರುಗಳಲ್ಲಿ ಈಟಿ ಹಿಡಿದು ಅವನ್ನು ಬೇಟೆಯಾಡುವ ಪಂದ್ಯ ಇಡುತ್ತಾರೆ, ಮುಳ್ಳು ಕತ್ತರಿಸಿ ಹುರಿದು ತಿನ್ನುತ್ತಾರೆ. ಮಾಂಸದಲ್ಲಿ ಆ ವಿಷ ಇಲ್ಲ. ಯಾರದೋ ಮನೆಯ ಚೆಲುವು ಇನ್ನೊಂದು ಕಡಲಿನ ಮಾರಿಯಾಯಿತು.

ನಮ್ಮ ಅರಬ್ಬಿ ಕಡಲು ಸಿಂಹಮೀನಿಗೆ ಪರಕೀಯವಲ್ಲವಲ್ಲ, ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಬಳಿ ಮುಳುಗುವವರಿಗೆ ಅವು ಕಾಣಸಿಗುತ್ತವಲ್ಲ ಎಂದು ನಾನೂ ವಾದಿಸಿದೆ. ಗೆಳೆಯನ ಉತ್ತರ ಸರಿಯಾಗಿತ್ತು. ಸಿಂಹಮೀನು ಒಂದೇ ಜಾತಿಯಲ್ಲ. ಹಿಂದೂ ಮಹಾಸಾಗರದ ಕಡೆ ಹೆಚ್ಚು ಕಾಣುವುದು ಒಂದು, ಪೆಸಿಫಿಕ್ ಕಡೆಯದು ಅದರ ಅವಳಿಯಂತೆ ಕಾಣುವ ಇನ್ನೊಂದು. ತನ್ನದು ಯಾವ ದಿಬ್ಬದ್ದು ಎಂದು ಅವನಿಗೂ ಗೊತ್ತಿಲ್ಲ, ಮಾರಿದವನಿಗೂ ಗೊತ್ತಿರಲಿಲ್ಲ. ಬೇರೆ ಬೇರೆ ಕಡಲಿನ ಮೀನುಗಳ ಜೊತೆ ಅಂಗಡಿಯ ಒಂದೇ ನೀರಿನಲ್ಲಿ ಇದ್ದು ಬಂದ ಮೀನು ಯಾವ ರೋಗ ಹೊತ್ತಿದೆ ಎಂದು ಹೊರಗಿನಿಂದ ಕಾಣುವುದಿಲ್ಲ. ಪಣಂಬೂರಿನ ಮರಳು ದಂಡೆ ಹವಳದ ದಿಬ್ಬವಲ್ಲ. ಇಕ್ಕಳ ಕಂಡರೆ ಹತ್ತಿರ ಬರುವ ಮೀನು ನಾಳೆ ಯಾರ ಕೈಯ ಹತ್ತಿರ ಹೋಗುತ್ತದೋ! ಅಮ್ಮನಿಗೆ ಕಡಲು ಎಂದರೆ ಒಂದೇ ಕಡಲು. ನನಗೂ ಹಾಗೇ ಇತ್ತು. ನಾವಿಬ್ಬರೂ ಕಡಲನ್ನು ದೊಡ್ಡದೊಂದು ಕ್ಷಮೆಯ ಹಾಗೆ ಕಂಡಿದ್ದೆವು: ಏನು ತಂದು ಹಾಕಿದರೂ ಒಳಗೆ ಹಾಕಿಕೊಳ್ಳುವಂಥದ್ದು.

ಸಿಹಿನೀರಿನಲ್ಲೂ ಇದೇ ಕಥೆ ನಡೆದಿದೆ. ಗಾಜಿನ ಪಾಚಿ ತಿನ್ನಲಿ ಎಂದು ಜನ ಕೊಳ್ಳುವ ಸಕ್ಕರ್ ಮೀನು ದೊಡ್ಡದಾದ ಮೇಲೆ ಕೆರೆಗೆ ಹೋಗುತ್ತದೆ. ಬೆಂಗಳೂರಿನ ಕೆರೆಗಳಲ್ಲಿ ಬಲೆಗೆ ಬೀಳುವ ಆ ಗಟ್ಟಿ ಚಿಪ್ಪಿನ ಮೀನುಗಳು ದಕ್ಷಿಣ ಅಮೆರಿಕದವು. ತಂದು ಹಾಕಿದವರು ಯಾರೂ ಕೆಟ್ಟವರಾಗಿರಲಿಕ್ಕಿಲ್ಲ.

*

ಹಾಗಾದರೆ ಇಟ್ಟುಕೊಳ್ಳುವವರಿಗೆ ನಮ್ಮ ಸಾಹಿತ್ಯದಲ್ಲಿ ಮಾದರಿಯೇ ಇಲ್ಲವೇ? ಇದೆ, ಅದೂ ಈ ಕಾಡಿನಲ್ಲೇ. ಶಿವರಾಮ ಕಾರಂತರ 'ಬೆಟ್ಟದ ಜೀವ' 1943ರದ್ದು. ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ದಾರಿ ತಪ್ಪಿದ ನಿರೂಪಕನನ್ನು ಹಳ್ಳಿಯ ಇಬ್ಬರು ಗೋಪಾಲಯ್ಯನ ಮನೆಗೆ ತಲುಪಿಸುತ್ತಾರೆ. ಗೋಪಾಲಯ್ಯ, ಶಂಕರಮ್ಮ ದಂಪತಿಯ ಮಗ ಶಂಭು ಮನೆ ಬಿಟ್ಟು ಹೋಗಿದ್ದಾನೆ. ಆಶ್ರಯಕ್ಕೆ ಬಂದ ನಾರಾಯಣನನ್ನು ಅವರು ಮಗನ ಹಾಗೆ ಕಾಣುತ್ತಾರೆ, ಅವನೂ ಎಲ್ಲಿ ಹೊರಟುಬಿಡುತ್ತಾನೋ ಎಂಬ ಅಳುಕು ಅವರಿಗೆ. ಹೊರಟು ನಿಂತ ಅತಿಥಿಯನ್ನೂ ಇನ್ನೆರಡು ದಿನ ಇರಿ ಎಂದು ಹಿಡಿದು ನಿಲ್ಲಿಸುತ್ತಾರೆ.

ಈ ಕಾದಂಬರಿಯನ್ನು ಕಾಡು ಕಡಿದು ತೋಟ ಕಟ್ಟಿದ ಸಾಹಸಿಯ ಕಥೆಯಾಗಿ ಓದುವುದು ರೂಢಿ. ನನಗೆ ಈಗ ಅದು ಇಟ್ಟುಕೊಳ್ಳುವುದರ ಕಷ್ಟವನ್ನು ಬಲ್ಲ ಕಥೆಯಾಗಿ ಕಾಣುತ್ತದೆ. ಗೋಪಾಲಯ್ಯನಿಗೆ ಯಾರನ್ನೂ ಬಾಗಿಲು ಹಾಕಿ ಇಟ್ಟುಕೊಳ್ಳಲು ಬಾರದು. ಅವನ ಕೈಯಲ್ಲಿ ಇರುವುದು ಊಟ, ಹಾಸಿಗೆ, ಮಾತು, ಕೊನೆಗೆ ತೋಟ. ಇರುವವರು ಇರಬೇಕು ಎಂದಾದರೆ ದಿನವೂ ದುಡಿಯಬೇಕು ಎಂಬುದು ಅವನಿಗೆ ಗೊತ್ತು. ಮೀನಿಗೆ ಹೋಗುವ ಆಯ್ಕೆ ಇಲ್ಲ, ನಾರಾಯಣನಿಗೆ ಇತ್ತು. ಈ ವ್ಯತ್ಯಾಸ ಸಣ್ಣದಲ್ಲ. ಆಯ್ಕೆ ಇಲ್ಲದ ಜೀವಿಯ ಮುಂದೆ ಸಾಕುವವನ ಹೊಣೆ ಹೆಚ್ಚೇ ಆಗಬೇಕು. 'ಸಾಕು' ಎಂದರೆ ಪೊರೆಯುವುದು, 'ಸಾಕು' ಎಂದರೆ ಇನ್ನು ಬೇಡ ಎಂದೂ ಹೌದು. ಎರಡನೆಯ ಅರ್ಥ ತಲೆಗೆ ಬಂದ ದಿನ ಮೊದಲನೆಯದು ಮುಗಿಯಿತು ಎಂದುಕೊಳ್ಳುವ ಹಕ್ಕು ಸಾಕಿದವನಿಗೆ ಇಲ್ಲ.

ಇರಲು ಬಿಡುವುದೂ ಕೈಕಟ್ಟಿ ಕೂರುವ ಕೆಲಸವಲ್ಲ. ಗುಂಡ್ಯದಿಂದ ಹೆಚ್ಚು ದೂರವಿಲ್ಲದ ಶಿಶಿಲದಲ್ಲಿ, ಶಿಶಿಲೇಶ್ವರ ದೇವಸ್ಥಾನದ ಎದುರಿನ ಕಪಿಲಾ ಹೊಳೆಯಲ್ಲಿ ಪೆರುವೊಳು ಮೀನುಗಳಿವೆ. ದೇವರ ಮೀನು, ಯಾರೂ ಹಿಡಿಯುವುದಿಲ್ಲ. ಬಂದವರು ಅಕ್ಕಿ, ಹೊದಳು ಹಾಕುತ್ತಾರೆ. ಗಾಜೂ ಇಲ್ಲ, ಪಂಪೂ ಇಲ್ಲ. 1996ರಲ್ಲಿ ಯಾರೋ ಆ ನೀರಿಗೆ ವಿಷ ಹಾಕಿದರು. ಸಾವಿರಾರು ಮೀನು ಸತ್ತವು. ಊರವರು ಅವಕ್ಕೆ ಸ್ಮಾರಕ ಕಟ್ಟಿದರು, ಅದು ಈಗಲೂ ಅಲ್ಲಿದೆ. ವಿಷವನ್ನು ಗುಣವೆಂದೇ ಕರೆಯುವುದಾದರೆ ಆ ಮಾತು ಸಲ್ಲುವುದು ಇಂಥಲ್ಲಿ, ತನ್ನ ಬೆನ್ನಿಗೆ ಬೇಲಿ ಕಟ್ಟಿಕೊಂಡ ಮೀನಿಗಲ್ಲ. ಗುಂಡ್ಯ ಹೊಳೆಯೇ 200 ಮೆಗಾವ್ಯಾಟಿನ ಜಲವಿದ್ಯುತ್ ಯೋಜನೆಯ ನಕಾಶೆಯಲ್ಲಿ ವರ್ಷಗಟ್ಟಲೆ ಇತ್ತು. ಅದಕ್ಕೆ ಅನುಮತಿ ಕೊಡಬಾರದು ಎಂದು ಮಾಧವ ಗಾಡ್ಗೀಳ್ ಅಧ್ಯಕ್ಷತೆಯ ಪಶ್ಚಿಮಘಟ್ಟ ತಜ್ಞರ ಸಮಿತಿ 2011ರಲ್ಲಿ ಹೇಳಬೇಕಾಯಿತು. ಒಂದು ಹೊಳೆಯನ್ನು ಅದರ ಪಾಡಿಗೆ ಬಿಡಲು ಇಷ್ಟು ಜನ, ಇಷ್ಟು ಕಾಗದ, ಇಷ್ಟು ಜಗಳ ಬೇಕು.

'ಕರ್ವಾಲೊ'ದ ಕೊನೆಯ ಪುಟಗಳ ಮೇಲಿನ ನನ್ನ ಪ್ರೀತಿ ಕಡಿಮೆಯಾಗಿಲ್ಲ. ಕಾಡಿನಲ್ಲಿ ಇರುವುದನ್ನು ಕಾಡಿನಲ್ಲೇ ನೋಡಿ ಬರಬೇಕು, ಅಂಗಡಿಯ ಗಾಜಿನ ಎದುರು ಸಿಂಹಮೀನಿನ ಚೆಲುವಿಗೆ ಮರುಳಾದವರು ಕಿಸೆಗೆ ಕೈ ಹಾಕದೆ ಮನೆಗೆ ಹೋಗಬೇಕು. ಅಲ್ಲಿಯವರೆಗೆ ಆ ಪಾಠ ಪೂರ್ತಿ ಸರಿ. ಆದರೆ ಮನೆಗೆ ತಂದ ಮೇಲೆ ಓದಬೇಕಾದ ಪುಸ್ತಕ ಬೇರೆ. ಅದರಲ್ಲಿ ಬೆರಗು ಕಡಿಮೆ, ಬಾಲ್ದಿ ಹೊರುವುದು ಹೆಚ್ಚು.

ಎರಡನೆಯ ರಾತ್ರಿ ಗಾಳಿಗೆ ಎಲ್ಲೋ ಮರ ಬಿದ್ದು ಕರೆಂಟು ಹೋಯಿತು. ಇನ್ವರ್ಟರ್ ಬೆಳಗಿನ ಜಾವದ ಹೊತ್ತಿಗೆ ಸೋತಿತು. ಬ್ಯಾಟರಿಯ ಸಣ್ಣ ಗಾಳಿಪಂಪು ಹುಡುಕುತ್ತ ಗೆಳೆಯ ಅಟ್ಟದ ಮೇಲೆ ತಡಕಾಡುತ್ತಿದ್ದ. ಕತ್ತಲಲ್ಲಿ ಚಾವಡಿಯಿಂದ ನೀರಿನ ಸದ್ದು ಕೇಳಿತು. ಟಾರ್ಚ್ ಹಾಕಿ ನೋಡಿದರೆ ಅಮ್ಮ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಚೊಂಬಿನಲ್ಲಿ ತೊಟ್ಟಿಯ ನೀರನ್ನೇ ಎತ್ತಿ ಮೇಲಿನಿಂದ ಹೊಯ್ಯುತ್ತಿದ್ದರು, ಗಾಳಿ ಬೆರೆಯಲಿ ಎಂದು. ಮೀನು ದೂರದ ಮೂಲೆಯಲ್ಲಿತ್ತು. ಅವರ ಕಣ್ಣು ಅದರ ಮೇಲೇ ಇತ್ತು, ಕೈ ನೀರಿಗೆ ತಾಗದ ಹಾಗೆ ಚೊಂಬಿನ ಅಂಚು ಹಿಡಿದಿದ್ದರು.

"ಇವನು ಹೀಗೆ ಮಾಡ್ತಿದ್ದ ಹೋದ ವರ್ಷ" ಎಂದರು ನನ್ನ ಕಡೆ ತಿರುಗದೆ. "ಇನ್ನೊಂದು ತರಬೇಡ ಅಂತ ಹೇಳಿದ್ದೇನೆ. ಇದು ಇರುವಷ್ಟು ದಿನ ಇರಲಿ."